ಸಕ್ಕರೆ ಕಾಯಿಲೆಯ ಮರೆಯಲ್ಲಿ ಅಡಗುವ ಗುಹ್ಯರೋಗ

ಮನೆಮಂದಿಯೆಲ್ಲ ಕೂಡಿ ಓದುವ ಪತ್ರಿಕೆಯಲ್ಲಿ ಈ ವಿಷಯವನ್ನು ಬರೆಯಬೇಕೇ ಬೇಡವೇ ಎಂದು ನಾವು ಬಹಳ ದಿನ ಯೋಚಿಸಿದೆವು. ಮಧುಮೇಹವನ್ನು ಕುರಿತು ಈ ಅಂಕಣದಲ್ಲಿ ಹಲವು ಸಲ ಬರೆದಿದ್ದೇವೆ. ಊಟದ ನಿಯಮ, ನಡಿಗೆ, ಪಾದಗಳ ಆರೈಕೆ, ಕಣ್ಣಿನ ಪರೀಕ್ಷೆ ಇವನ್ನೆಲ್ಲ ಓದುಗರು ಆದರದಿಂದ ಸ್ವೀಕರಿಸಿದ್ದಾರೆ. ಆದರೆ ಮಧುಮೇಹವುಳ್ಳವರಲ್ಲಿ ಇನ್ನೊಂದು ರೋಗ, ಹೆಸರು ಹೇಳಲು ನಾವೆಲ್ಲ ನಾಚುವ ಒಂದು ರೋಗ, ಸೇರಿಕೊಂಡಿದ್ದರೆ ಏನಾಗುತ್ತದೆ ಎಂಬುದನ್ನು ಇದುವರೆಗೆ ಬರೆದಿರಲಿಲ್ಲ. ಬರೆಯದೆ ಬಿಡುವುದೂ ಒಂದು ತಪ್ಪೇ ಎಂದು ನಮಗೆ ಮನವರಿಕೆ ಮಾಡಿಕೊಟ್ಟದ್ದು ನಮ್ಮಲ್ಲಿಗೆ ಚಿಕಿತ್ಸೆಗೆ ಬಂದ ಒಂದು ಕುಟುಂಬ. ಅವರ ಒಪ್ಪಿಗೆ ಪಡೆದು, ಊರು ಹೆಸರುಗಳನ್ನು ಬಿಟ್ಟು, ಆ ಸಂಗತಿಯಿಂದಲೇ ಆರಂಭಿಸುತ್ತೇವೆ.

ಉತ್ತರ ಕರ್ನಾಟಕದ ಒಂದು ತಾಲೂಕು ಊರಿನಲ್ಲಿ ಅಡತಿ ಅಂಗಡಿ ಇಟ್ಟುಕೊಂಡಿದ್ದ ಹಿರಿಯರು ಅವರು. ವಯಸ್ಸು ೫೮. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆ ತಪ್ಪಿಸಿದವರಲ್ಲ, ಬಾಯಿ ಕಟ್ಟದೆ ಉಂಡವರಲ್ಲ. ಆದರೂ ಎರಡು ವರ್ಷಗಳಿಂದ ಕಾಲುಗಳಲ್ಲಿ ಜೋಮು. ನಡುನಡುವೆ ತೊಡೆಯಿಂದ ಪಾದದವರೆಗೆ ಮಿಂಚು ಹರಿದಂತಹ ನೋವು. ರಾತ್ರಿ ದೀಪ ಹೋದರೆ ಎದ್ದು ನಿಲ್ಲಲಾರರು. ಬೆಳಗ್ಗೆ ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ಮುಂದಕ್ಕೆ ವಾಲುವರು. ಬಲಗಾಲ ಹೆಬ್ಬೆರಳಿನ ಬುಡದಲ್ಲಿ ನೋವಿಲ್ಲದ ಒಂದು ಹುಣ್ಣು ಮಾಯುವುದು, ಮತ್ತೆ ಬಾಯಿ ತೆರೆಯುವುದು. ನಾವು ಪ್ರತಿ ಸಲವೂ ಚೀಟಿಯಲ್ಲಿ ‘ಮಧುಮೇಹದಿಂದಾದ ನರಹಾನಿ’ ಎಂದು ಬರೆದು, ನೋವಿಗೆ ಮಾತ್ರೆ ಕೊಟ್ಟು, ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿರೆಂದು ಹೇಳಿ ಕಳಿಸುತ್ತಿದ್ದೆವು. ಮಧುಮೇಹದಲ್ಲಿ ಈ ತೊಂದರೆಗಳು ಎಷ್ಟು ಸಾಮಾನ್ಯವೆಂದರೆ ಬೇರೆ ಯೋಚನೆಯೇ ಬರಲಿಲ್ಲ.

ಸಂಶಯ ಬಂದದ್ದು ಎರಡು ಕಾರಣಗಳಿಂದ. ಅವರ ಮೂರು ತಿಂಗಳ ಸರಾಸರಿ ಸಕ್ಕರೆಯ ಪ್ರಮಾಣ ಒಳ್ಳೆಯ ಹಿಡಿತದಲ್ಲಿದ್ದರೂ ಕಾಲುಗಳ ಸ್ಥಿತಿ ಕೆಡುತ್ತಲೇ ಹೋಯಿತು. ಜೊತೆಗೆ, ಕಣ್ಣಿನ ವೈದ್ಯರೊಬ್ಬರು ಒಂದು ಸಾಲು ಬರೆದು ಕಳಿಸಿದರು: ಎರಡೂ ಕಣ್ಣುಗಳ ಪಾಪೆ ಚಿಕ್ಕದಾಗಿದೆ, ಬೆಳಕು ಬಿಟ್ಟರೆ ಕುಗ್ಗುವುದಿಲ್ಲ, ಹತ್ತಿರದ ಬೆರಳನ್ನು ನೋಡುವಾಗ ಮಾತ್ರ ಕುಗ್ಗುತ್ತದೆ. ಎಡಿನ್‌ಬರೋದ ನೇತ್ರವೈದ್ಯ ಆರ್ಗೈಲ್ ರಾಬರ್ಟ್‌ಸನ್ ಅವರು ೧೮೬೯ರಲ್ಲಿ ಗುರುತಿಸಿದ ಚಿಹ್ನೆ ಇದು. ವಿದ್ಯಾರ್ಥಿದೆಸೆಯಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತಿದ್ದೆವು. ರಕ್ತ ತೆಗೆದು ಸಿಫಿಲಿಸ್ ಪರೀಕ್ಷೆಗೆ ಕಳಿಸಿದೆವು. ಉತ್ತರ ‘ಇದೆ’ ಎಂದು ಬಂದಿತು.

ಆ ಹಿರಿಯರನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, ಮೆಲ್ಲಗೆ ಕೇಳಿದೆವು. ಮದುವೆಗೆ ಮುಂಚೆ ಮುಂಬಯಿಯಲ್ಲಿ ಒಂದು ಬಟ್ಟೆಯ ಪೇಢಿಯಲ್ಲಿ ಗುಮಾಸ್ತರಾಗಿದ್ದ ದಿನಗಳವು. ಒಂದು ಹುಣ್ಣಾಗಿತ್ತು, ನೋವೇ ಇರಲಿಲ್ಲ, ಔಷಧವಿಲ್ಲದೆ ತಾನಾಗಿಯೇ ಮಾಯಿತು. ಮಾಯಿತೆಂದ ಮೇಲೆ ಮರೆತರು. ಇಷ್ಟು ಹೇಳಿ, ತಲೆ ತಗ್ಗಿಸಿಕೊಂಡೇ ಅವರು ಆಡಿದ ಮಾತು ಈಗಲೂ ನಮ್ಮ ಕಿವಿಯಲ್ಲಿದೆ: “ನೀವು ಒಂದಿನಾನೂ ಕೇಳ್ಲಿಲ್ರಿ, ನಾನೂ ಹೇಳ್ಲಿಲ್ಲ.”

ಈ ತಿಂಗಳ ಲೇಖನದ ಸಾರವೆಲ್ಲ ಆ ಒಂದು ಮಾತಿನಲ್ಲಿದೆ.

ಒಂದೇ ಹೆಸರಿನ ನೆರಳು

ನಮ್ಮ ನಾಡಿನಲ್ಲಿ ಈ ಎರಡೂ ರೋಗಗಳಿಗೆ ಹೆಸರಿನ ನಂಟೂ ಉಂಟು. ಆಯುರ್ವೇದವು ಮೂತ್ರಸಂಬಂಧದ ವಿಕಾರಗಳನ್ನು ಪ್ರಮೇಹವೆಂದು ಕರೆದು ಅದರಲ್ಲಿ ಇಪ್ಪತ್ತು ಬಗೆಗಳನ್ನು ಎಣಿಸಿತು, ಮಧುಮೇಹ ಅವುಗಳಲ್ಲೊಂದು. ಮುಂದೆ ಆಡುಮಾತಿನಲ್ಲಿ ಗುಹ್ಯರೋಗಗಳಿಗೂ ‘ಮೇಹರೋಗ’ ಎಂಬ ಹೆಸರು ಅಂಟಿಕೊಂಡಿತು. ಸಿಫಿಲಿಸ್ ಎಂದು ಇಂದು ಕರೆಯುವ ರೋಗ ನಮ್ಮ ದೇಶದಲ್ಲಿ ಪೋರ್ತುಗೀಜರು ಬಂದ ಕಾಲದಿಂದ ತಿಳಿದುಬಂದದ್ದು. ೧೬ನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಇದನ್ನು ‘ಫಿರಂಗ ರೋಗ’ವೆಂದು ವರ್ಣಿಸಿ, ಪಾದರಸ ಹಾಗೂ ಚೋಪಚೀನಿಯ ಬೇರನ್ನು ಔಷಧವಾಗಿ ಹೇಳಿದ್ದಾನೆ. ಪ್ರತಿಯೊಂದು ದೇಶವೂ ಈ ರೋಗಕ್ಕೆ ನೆರೆಯವನ ಹೆಸರಿಟ್ಟು ತಾನು ಕೈತೊಳೆದುಕೊಂಡಿತು ಎಂಬುದು ಇತಿಹಾಸದಲ್ಲಿ ಕಾಣುವ ವಿನೋದ.

ರೋಗದ ಕಾರಣವನ್ನು ಕಂಡುಹಿಡಿದವರು ಜರ್ಮನಿಯ ಷೌಡಿನ್ ಮತ್ತು ಹಾಫ್‌ಮನ್. ೧೯೦೫ರಲ್ಲಿ ಅವರು ಬಿರಡೆಸುರುಳಿಯಂತೆ ತಿರುಚಿದ, ಅತಿ ತೆಳುವಾದ ಒಂದು ಜೀವಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದರ ಹೆಸರು ಟ್ರೆಪೊನೀಮಾ ಪ್ಯಾಲಿಡಮ್. ಇದು ಮುಖ್ಯವಾಗಿ ದೈಹಿಕ ಸಂಬಂಧದಿಂದ, ಮತ್ತು ಗರ್ಭಿಣಿಯಿಂದ ಶಿಶುವಿಗೆ ಹರಡುತ್ತದೆ. ಸಕ್ಕರೆ ಕಾಯಿಲೆಯಿಂದ ಸಿಫಿಲಿಸ್ ಹುಟ್ಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಪಾಯಿಖಾನೆ ಬಳಸಿದರೆ ಬರುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬಾರದೆಂಬ ಭರವಸೆಯೂ ಇಲ್ಲ. ನಮ್ಮ ದೇಶದಲ್ಲಿ ೧೦.೧ ಕೋಟಿ ಜನರಿಗೆ ಮಧುಮೇಹವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಅಂದಾಜು ಮಾಡಿದೆ. ೨೦೨೨ರಲ್ಲಿ ಜಗತ್ತಿನಲ್ಲಿ ೧೫ರಿಂದ ೪೯ ವರ್ಷದೊಳಗಿನ ಸುಮಾರು ೮೦ ಲಕ್ಷ ಜನರಿಗೆ ಹೊಸದಾಗಿ ಸಿಫಿಲಿಸ್ ತಗಲಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎರಡೂ ಒಬ್ಬರಲ್ಲಿಯೇ ಕೂಡುವುದು ಅಸಂಭವವಲ್ಲ.

ರೋಗದ ನಡೆ, ನಡುವಿನ ಮೌನ

ಸೋಂಕು ತಗಲಿದ ೧೦ರಿಂದ ೯೦ ದಿನಗಳಲ್ಲಿ, ಸಾಮಾನ್ಯವಾಗಿ ಮೂರು ವಾರಗಳ ಸುಮಾರಿಗೆ, ತಗಲಿದ ಜಾಗದಲ್ಲಿ ಒಂದು ಹುಣ್ಣು ಕಾಣುತ್ತದೆ. ಅದರ ತಳ ಗಟ್ಟಿ, ಅಂಚು ನುಣುಪು, ನೋವಿಲ್ಲ. ತೊಡೆಸಂದಿಯಲ್ಲಿ ನೋವಿಲ್ಲದ ಗಂಟುಗಳು ಏಳಬಹುದು. ಮೂರರಿಂದ ಆರು ವಾರಗಳಲ್ಲಿ ಹುಣ್ಣು ತಾನಾಗಿಯೇ ಮಾಯುತ್ತದೆ. ಇದೇ ಈ ರೋಗದ ಮೊದಲನೆಯ ಮೋಸ.

ಕೆಲವು ವಾರಗಳ ಅಥವಾ ತಿಂಗಳುಗಳ ಅನಂತರ ಎರಡನೆಯ ಘಟ್ಟ. ಮೈಮೇಲೆ, ಅದರಲ್ಲೂ ಅಂಗೈ ಅಂಗಾಲುಗಳಲ್ಲಿ ತುರಿಕೆಯಿಲ್ಲದ ತಾಮ್ರವರ್ಣದ ಕಲೆಗಳು, ಸಣ್ಣ ಜ್ವರ, ಗಂಟಲು ನೋವು, ಅಲ್ಲಲ್ಲಿ ಕೂದಲು ಉದುರುವಿಕೆ. ಇವೂ ಔಷಧವಿಲ್ಲದೆ ಮರೆಯಾಗುತ್ತವೆ. ಇದು ಎರಡನೆಯ ಮೋಸ.

ಅನಂತರ ಮೌನ. ವರ್ಷಗಟ್ಟಲೆ ಮೈಮೇಲೆ ಯಾವ ಗುರುತೂ ಇರುವುದಿಲ್ಲ. ರಕ್ತ ಮಾತ್ರ ಸತ್ಯ ಹೇಳುತ್ತದೆ. ಚಿಕಿತ್ಸೆ ಪಡೆಯದವರೆಲ್ಲರಿಗೂ ಮುಂದಿನ ಹಾನಿ ಆಗುವುದಿಲ್ಲ. ಆದರೆ ಅವರಲ್ಲಿ ಕೆಲವರಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ ಹೃದಯದ ಮಹಾಧಮನಿ, ಮೆದುಳು, ಬೆನ್ನುಹುರಿ ಕೆಡುತ್ತವೆ. ಕಣ್ಣು, ಕಿವಿ, ಮೆದುಳುಗಳಿಗೆ ರೋಗ ಏರುವುದಕ್ಕೆ ಅಷ್ಟು ವರ್ಷ ಕಾಯಬೇಕೆಂದೂ ಇಲ್ಲ. ಯಾವ ಘಟ್ಟದಲ್ಲಿಯೂ ಆಗಬಹುದು.

ಎರಡು ರೋಗ, ಒಂದೇ ಮುಖ

ಮಧುಮೇಹವುಳ್ಳವರಲ್ಲಿ ಈ ಪ್ರತಿಯೊಂದು ಘಟ್ಟವೂ ಸಕ್ಕರೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೊದಲನೆಯ ಹುಣ್ಣನ್ನೇ ನೋಡೋಣ. ಸಕ್ಕರೆ ಹೆಚ್ಚಿದ್ದಾಗ ಗುಪ್ತಾಂಗದಲ್ಲಿ ಬೂಷ್ಟಿನ ಸೋಂಕು ಆಗುವುದು, ಮುಂದೊಗಲು ಬಿರಿಯುವುದು ಬಹಳ ಸಾಮಾನ್ಯ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದ ಹುಣ್ಣು ಕಂಡರೆ ರೋಗಿಯೂ ವೈದ್ಯನೂ ‘ಸಕ್ಕರೆಯಿಂದ’ ಎಂದುಕೊಂಡು ಮುಲಾಮು ಹಚ್ಚಿ ಸುಮ್ಮನಾಗುತ್ತಾರೆ. ಬೂಷ್ಟಿನ ಸೋಂಕಿನಲ್ಲಿ ತುರಿಕೆ, ಉರಿ, ಬಿಳಿಯ ಪದರ ಇರುತ್ತವೆ. ಸಿಫಿಲಿಸ್ ಹುಣ್ಣು ಬಹುಮಟ್ಟಿಗೆ ತುರಿಸುವುದಿಲ್ಲ, ನೋಯುವುದಿಲ್ಲ. ಆದರೂ ಕಣ್ಣಳತೆಯನ್ನೇ ನಂಬಬಾರದು. ಗುಪ್ತಾಂಗದ ಯಾವುದೇ ಹುಣ್ಣಿಗೆ ರಕ್ತಪರೀಕ್ಷೆ ಆಗಲೇಬೇಕು.

ಕಣ್ಣು ಮಂಜಾದರೆ ಮಧುಮೇಹದ ಅಕ್ಷಿಪಟಲ ವಿಕಾರವೆನ್ನುತ್ತೇವೆ. ಸಿಫಿಲಿಸ್ ಕೂಡ ಕಣ್ಣಿನೊಳಗೆ ಉರಿಯೂತವನ್ನುಂಟುಮಾಡಿ ದೃಷ್ಟಿಯನ್ನು ಕಸಿಯಬಲ್ಲುದು. ಮೂತ್ರದಲ್ಲಿ ಪ್ರೋಟೀನ್ ಹೋದರೆ ಮಧುಮೇಹದಿಂದ ಮೂತ್ರಪಿಂಡ ಕೆಟ್ಟಿತೆನ್ನುತ್ತೇವೆ. ಸಿಫಿಲಿಸ್‌ನ ಎರಡನೆಯ ಘಟ್ಟದಲ್ಲಿ ಒಮ್ಮಿಂದೊಮ್ಮೆ ಪ್ರೋಟೀನ್ ಹೋಗಿ ಮೈಯೆಲ್ಲ ಬಾವು ಬರುವುದುಂಟು. ಪುರುಷತ್ವ ಕುಂದಿದರೆ, ಮೂತ್ರಚೀಲದ ಹಿಡಿತ ತಪ್ಪಿದರೆ, ನೆನಪು ಮಾಸಿದರೆ, ಮುಖ ವಾರೆಯಾಗಿ ಲಕ್ವ ಹೊಡೆದರೆ, ಪ್ರತಿಯೊಂದಕ್ಕೂ ಮಧುಮೇಹದಲ್ಲಿ ಸಿದ್ಧವಾದ ಉತ್ತರವಿದೆ. ಆ ಉತ್ತರ ಬಹುಪಾಲು ಸರಿಯೇ ಇರುತ್ತದೆ. ಸರಿಯಿಲ್ಲದ ಆ ಕೆಲವು ಸಂದರ್ಭಗಳಲ್ಲಿ ಮಾತ್ರ ಒಬ್ಬ ಮನುಷ್ಯನ ಕಣ್ಣೋ ಕಾಲೋ ಹೋಗುತ್ತದೆ.

ಪಾದದ ಕಥೆ ಎಲ್ಲಕ್ಕಿಂತ ಬೋಧಪ್ರದವಾದುದು. ಫ್ರಾನ್ಸಿನ ಪ್ರಸಿದ್ಧ ವೈದ್ಯ ಷಾರ್ಕೊ ಅವರು ೧೮೬೮ರಲ್ಲಿ, ನರಗಳ ಅರಿವು ಸತ್ತ ಕಾಲುಗಳಲ್ಲಿ ಕೀಲುಗಳು ನೋವಿಲ್ಲದೆ ಪುಡಿಯಾಗುವುದನ್ನು ವರ್ಣಿಸಿದರು. ಆಗ ಅವರು ನೋಡಿದ್ದು ಬೆನ್ನುಹುರಿ ಕೆಟ್ಟ ರೋಗಿಗಳನ್ನು. ಆ ಬೆನ್ನುಹುರಿ ರೋಗಕ್ಕೆ ಕಾರಣ ಸಿಫಿಲಿಸ್ ಎಂಬುದು ಅನಂತರ ದೃಢವಾಯಿತು. ೧೯೩೬ರಲ್ಲಿ ಅಮೆರಿಕದ ಜೋರ್ಡನ್ ಎಂಬ ವೈದ್ಯರು ಅದೇ ಬಗೆಯ ಕೀಲುಹಾನಿ ಮಧುಮೇಹದಲ್ಲಿಯೂ ಆಗುವುದೆಂದು ತೋರಿಸಿದರು. ಇಂದು ‘ಷಾರ್ಕೊ ಪಾದ’ವೆಂದರೆ ವೈದ್ಯರಿಗೆ ನೆನಪಾಗುವುದು ಮಧುಮೇಹ ಮಾತ್ರ. ಒಂದು ಕಾಲದಲ್ಲಿ ಸಿಫಿಲಿಸ್‌ನ ಮರೆಯಲ್ಲಿ ಮಧುಮೇಹ ಕಾಣದೆ ಹೋಗುತ್ತಿತ್ತು. ಈಗ ಮಧುಮೇಹದ ಮರೆಯಲ್ಲಿ ಸಿಫಿಲಿಸ್ ಕಾಣದೆ ಹೋಗುತ್ತದೆ.

ಪರೀಕ್ಷೆ ಹೇಗೆ

ಒಳ್ಳೆಯ ಸುದ್ದಿಯೆಂದರೆ ಪರೀಕ್ಷೆ ಸುಲಭ, ಖರ್ಚು ಅಲ್ಪ. ಮೊದಲನೆಯದು ವಿ.ಡಿ.ಆರ್.ಎಲ್. ಅಥವಾ ಆರ್.ಪಿ.ಆರ್. ಎಂಬ ಪರೀಕ್ಷೆ. ವಿ.ಡಿ.ಆರ್.ಎಲ್. ೧೯೪೬ರಿಂದ ಬಳಕೆಯಲ್ಲಿದೆ. ಇವು ರೋಗಾಣುವನ್ನು ನೇರವಾಗಿ ತೋರಿಸುವುದಿಲ್ಲ. ಶರೀರವು ಅದಕ್ಕೆ ತೋರುವ ಒಂದು ಪ್ರತಿಕ್ರಿಯೆಯನ್ನು ಅಳೆಯುತ್ತವೆ. ಆದ್ದರಿಂದ ಗರ್ಭಾವಸ್ಥೆ, ಮಲೇರಿಯಾ, ಕುಷ್ಠ, ಲೂಪಸ್ ಮುಂತಾದವುಗಳಲ್ಲಿ ಮತ್ತು ವೃದ್ಧಾಪ್ಯದಲ್ಲಿ ಸಿಫಿಲಿಸ್ ಇಲ್ಲದೆಯೂ ‘ಇದೆ’ ಎಂದು ತೋರಬಹುದು. ಹಾಗೆ ಬಂದ ಕಾಗದವೊಂದನ್ನು ಹಿಡಿದುಕೊಂಡು ಯಾರ ಶೀಲವನ್ನೂ ಶಂಕಿಸಬಾರದು. ಟಿ.ಪಿ.ಎಚ್.ಎ. ಎಂಬ ಎರಡನೆಯ ಪರೀಕ್ಷೆ ಅದನ್ನು ದೃಢಪಡಿಸಬೇಕು.

ಎರಡಕ್ಕೂ ಒಂದೊಂದು ಗುಣವಿದೆ. ಟಿ.ಪಿ.ಎಚ್.ಎ. ಒಮ್ಮೆ ‘ಇದೆ’ ಎಂದರೆ, ರೋಗ ವಾಸಿಯಾದ ಮೇಲೂ ಸಾಮಾನ್ಯವಾಗಿ ಜೀವಮಾನವಿಡೀ ‘ಇದೆ’ ಎಂದೇ ಹೇಳುತ್ತದೆ. ಆದ್ದರಿಂದ ಗುಣವಾಯಿತೇ ಎಂದು ತಿಳಿಯಲು ಅದು ಉಪಯೋಗವಿಲ್ಲ, ಅದಕ್ಕೆ ವಿ.ಡಿ.ಆರ್.ಎಲ್. ಬೇಕು. ಅದರ ಫಲಿತಾಂಶವನ್ನು ೧:೩೨, ೧:೮ ಎಂಬಂತೆ ಬರೆಯುತ್ತಾರೆ. ೧:೩೨ ಇದ್ದದ್ದು ೧:೮ಕ್ಕೆ ಇಳಿದರೆ ನಾಲ್ಕು ಪಟ್ಟು ಇಳಿಯಿತೆಂದು, ಔಷಧ ಫಲಿಸಿತೆಂದು ಅರ್ಥ. ಇನ್ನೊಂದು ಎಚ್ಚರಿಕೆ: ಬಹಳ ಹಳೆಯ ಸೋಂಕಿನಲ್ಲಿ ವಿ.ಡಿ.ಆರ್.ಎಲ್. ತಾನಾಗಿಯೇ ‘ಇಲ್ಲ’ ಎಂದು ಬರುವುದುಂಟು. ಮಧುಮೇಹವುಳ್ಳ ಹಿರಿಯರಲ್ಲಿ ಸಂಶಯ ಬಲವಾಗಿದ್ದರೆ ಎರಡೂ ಪರೀಕ್ಷೆಗಳನ್ನು ಒಟ್ಟಿಗೇ ಮಾಡಿಸಬೇಕು. ಎಚ್.ಐ.ವಿ. ಪರೀಕ್ಷೆಯನ್ನೂ ಜೊತೆಗೇ ಮಾಡಿಸುವುದು ಕ್ರಮ.

ನರ, ಕಣ್ಣು, ಕಿವಿಗಳ ತೊಂದರೆ ಇದ್ದವರಲ್ಲಿ ಬೆನ್ನಿನ ನೀರು ತೆಗೆದು ನೋಡಬೇಕಾಗಬಹುದು. ಈ ಮಾತು ಕೇಳಿದೊಡನೆ ಜನರು ಹೆದರುತ್ತಾರೆ; ‘ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತವೆ’ ಎಂಬ ಮಾತು ಊರೂರಿನಲ್ಲಿದೆ. ಅದು ನಿಜವಲ್ಲ. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಆದರೆ ಫಲಿತಾಂಶವನ್ನು ಓದುವಾಗ ವೈದ್ಯರಿಗೆ ಒಂದು ತೊಡಕಿದೆ. ಮಧುಮೇಹದ ನರಹಾನಿಯಿಂದಲೂ ಆ ನೀರಿನಲ್ಲಿ ಪ್ರೋಟೀನ್ ಹೆಚ್ಚುತ್ತದೆ. ಅದೊಂದನ್ನೇ ಹಿಡಿದು ಸಿಫಿಲಿಸ್ ಮೆದುಳಿಗೇರಿತೆನ್ನಲಾಗದು. ಬಿಳಿಯ ರಕ್ತಕಣಗಳ ಸಂಖ್ಯೆಯನ್ನೂ ಆ ನೀರಿನ ವಿ.ಡಿ.ಆರ್.ಎಲ್. ಫಲಿತಾಂಶವನ್ನೂ ಕೂಡಿಸಿ ನೋಡಬೇಕು. ನಮ್ಮ ಅಡತಿಯ ಹಿರಿಯರಲ್ಲಿ ಕಣಗಳೂ ಹೆಚ್ಚಿದ್ದವು, ವಿ.ಡಿ.ಆರ್.ಎಲ್. ಕೂಡ ‘ಇದೆ’ ಎಂದಿತು. ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಚಿಕಿತ್ಸೆ

೧೯೧೦ರಲ್ಲಿ ಎರ್ಲಿಕ್ ಮತ್ತು ಜಪಾನಿನ ಹಾತಾ ಅವರ ಶ್ರಮದಿಂದ ಸಾಲ್ವರ್ಸನ್ ಎಂಬ ಔಷಧ ಬಂದಿತು. ಅದರಲ್ಲಿ ಪಾಷಾಣದ ಅಂಶವಿತ್ತು. ೧೯೪೩ರಲ್ಲಿ ಅಮೆರಿಕದ ಡಾ. ಮಹೋನಿ ಮತ್ತು ಅವರ ಸಂಗಡಿಗರು ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ಗುಣಪಡಿಸಿದರು. ಅಂದಿನಿಂದ ಇಂದಿನವರೆಗೆ ಎಂಬತ್ತು ವರ್ಷ ಕಳೆದರೂ ಈ ರೋಗಾಣು ಪೆನಿಸಿಲಿನ್‌ಗೆ ಸೋಲುವುದನ್ನು ಬಿಟ್ಟಿಲ್ಲ.

ಇಲ್ಲಿ ಬರೆಯುವ ಪ್ರಮಾಣಗಳು ತಿಳಿವಳಿಕೆಗಾಗಿ ಮಾತ್ರ. ಔಷಧವನ್ನು ವೈದ್ಯರೇ ಕೊಡಬೇಕು. ಸೋಂಕು ತಗಲಿ ಒಂದು ವರ್ಷದೊಳಗಾಗಿದ್ದರೆ ಬೆಂಜಥೀನ್ ಪೆನಿಸಿಲಿನ್ ೨೪ ಲಕ್ಷ ಯೂನಿಟ್ ಒಂದೇ ಸಲ ಪೃಷ್ಠದ ಸ್ನಾಯುವಿಗೆ. ಅದಕ್ಕಿಂತ ಹಳೆಯದಾಗಿದ್ದರೆ, ಅಥವಾ ಯಾವಾಗ ತಗಲಿತೆಂದು ತಿಳಿಯದಿದ್ದರೆ, ಅದೇ ಪ್ರಮಾಣ ವಾರಕ್ಕೊಂದರಂತೆ ಮೂರು ವಾರ. ಮಕ್ಕಳಿಗೆ ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಕೊಡುವ ಚುಚ್ಚುಮದ್ದೂ ಇದೇ ಔಷಧವೇ. ಮೆದುಳು, ನರ, ಕಣ್ಣು, ಕಿವಿಗಳಿಗೆ ತಗಲಿದ್ದರೆ ಇದು ಸಾಲದು. ಆಸ್ಪತ್ರೆಯಲ್ಲಿದ್ದು ರಕ್ತನಾಳದ ಮೂಲಕ ದಿನಕ್ಕೆ ೧೮೦ರಿಂದ ೨೪೦ ಲಕ್ಷ ಯೂನಿಟ್ ಪೆನಿಸಿಲಿನ್‌ಅನ್ನು ೧೦ರಿಂದ ೧೪ ದಿನ ಪಡೆಯಬೇಕು. ಪೆನಿಸಿಲಿನ್ ಒಗ್ಗದವರಿಗೆ ಡಾಕ್ಸಿಸೈಕ್ಲಿನ್ ಮುಂತಾದ ಬದಲಿ ಔಷಧಗಳಿವೆ. ಗರ್ಭಿಣಿಯರಿಗೆ ಮಾತ್ರ ಪೆನಿಸಿಲಿನ್ ಬಿಟ್ಟರೆ ಗತಿಯಿಲ್ಲ. ಒಗ್ಗದಿದ್ದರೆ ಆಸ್ಪತ್ರೆಯಲ್ಲಿ ಸ್ವಲ್ಪಸ್ವಲ್ಪವಾಗಿ ಒಗ್ಗಿಸಿ ಅದನ್ನೇ ಕೊಡುತ್ತಾರೆ.

ಮಧುಮೇಹವಿದೆಯೆಂದು ಪೆನಿಸಿಲಿನ್ ಬೇರೆಯಾಗುವುದಿಲ್ಲ, ಪ್ರಮಾಣವೂ ಬದಲಾಗುವುದಿಲ್ಲ. ಆದರೆ ಕೆಲವು ಎಚ್ಚರಿಕೆಗಳು ಅವಶ್ಯ. ಮೊದಲ ಚುಚ್ಚುಮದ್ದಿನ ೨೪ ಗಂಟೆಯೊಳಗೆ ಚಳಿಜ್ವರ, ತಲೆನೋವು, ಮೈಕೈನೋವು ಬರಬಹುದು. ಸಾಯುತ್ತಿರುವ ರೋಗಾಣುಗಳಿಗೆ ಶರೀರ ತೋರುವ ಪ್ರತಿಕ್ರಿಯೆಯಿದು. ಔಷಧ ಒಗ್ಗಲಿಲ್ಲವೆಂದು ಭಾವಿಸಿ ಚಿಕಿತ್ಸೆ ಬಿಡಬಾರದು. ಆದರೆ ಆ ದಿನ ಜ್ವರದಿಂದ ಸಕ್ಕರೆ ಏರಬಹುದು. ಊಟ ಸೇರದೆ ಇನ್ಸುಲಿನ್ ಮಾತ್ರ ಹಾಕಿಕೊಂಡರೆ ಅಪಾಯಕಾರಿಯಾಗಿ ಇಳಿಯಲೂಬಹುದು. ಆ ಎರಡು ದಿನ ಮನೆಯಲ್ಲಿಯೇ ಮೂರು ನಾಲ್ಕು ಸಲ ಸಕ್ಕರೆ ನೋಡಿಕೊಳ್ಳಬೇಕು. ಉಸಿರು ಕಟ್ಟಿದರೆ, ಮುಖ ಊದಿದರೆ, ಮೈಮೇಲೆ ದದ್ದು ಎದ್ದರೆ ಅದು ಬೇರೆ, ಅದು ಅಲರ್ಜಿ. ಕೂಡಲೇ ವೈದ್ಯರ ಬಳಿಗೆ ಓಡಬೇಕು. ಚುಚ್ಚುಮದ್ದು ಪಡೆದು ಅರ್ಧ ಗಂಟೆ ಅಲ್ಲಿಯೇ ಕುಳಿತಿರುವುದು ಈ ಕಾರಣಕ್ಕಾಗಿ. ಮೂತ್ರಪಿಂಡ ಕುಗ್ಗಿದವರಲ್ಲಿ ರಕ್ತನಾಳದ ಪೆನಿಸಿಲಿನ್ ಪ್ರಮಾಣವನ್ನು ಹೊಂದಿಸಬೇಕು. ಅದರಲ್ಲಿರುವ ಪೊಟ್ಯಾಸಿಯಮ್ ಅಂಶವನ್ನು ಗಮನಿಸಬೇಕು. ಕಣ್ಣಿನ ಉರಿಯೂತಕ್ಕೆಂದು ಸ್ಟೆರಾಯ್ಡ್ ಕೊಟ್ಟರೆ ಸಕ್ಕರೆ ಜಿಗಿಯುತ್ತದೆ. ಆದುದರಿಂದ ಚಿಕಿತ್ಸೆ ಕೊಡುವ ವೈದ್ಯರಿಗೆ ಸಕ್ಕರೆಯ ಸಂಗತಿಯನ್ನೂ, ಸಕ್ಕರೆಯ ವೈದ್ಯರಿಗೆ ಈ ಚಿಕಿತ್ಸೆಯನ್ನೂ ಮುಚ್ಚಿಡದೆ ತಿಳಿಸಬೇಕು.

ಚಿಕಿತ್ಸೆ ಮುಗಿದ ಮೇಲೆ ಆರು ತಿಂಗಳಿಗೆ, ವರ್ಷಕ್ಕೆ, ಹಳೆಯ ಸೋಂಕಾಗಿದ್ದರೆ ಎರಡು ವರ್ಷಕ್ಕೆ ವಿ.ಡಿ.ಆರ್.ಎಲ್. ಮತ್ತೆ ನೋಡಬೇಕು. ಒಮ್ಮೆ ಗುಣವಾದವರಿಗೆ ಮತ್ತೆ ತಗಲದೆಂಬ ರಕ್ಷೆಯೇನೂ ಇಲ್ಲ.

ಒಬ್ಬರ ರೋಗವಲ್ಲ

ಇನ್ನು ಆ ಕುಟುಂಬದ ಕಥೆಗೆ ಮರಳುತ್ತೇವೆ. ಹದಿನಾಲ್ಕು ದಿನದ ಚಿಕಿತ್ಸೆಗೆ ಹಿರಿಯರು ಒಪ್ಪಿದರು. ಆದರೆ ಕೈಮುಗಿದು, ಮನೆಯಲ್ಲಿ ಮಾತ್ರ ತಿಳಿಸಬೇಡಿರೆಂದರು. ರೋಗಿಯ ಗುಟ್ಟನ್ನು ಕಾಯುವುದು ನಮ್ಮ ಧರ್ಮ, ಹಾಗೆಯೇ ಕಾಯುತ್ತೇವೆಂದೆವು. ಆದರೆ ಅವರ ಮನೆಯವರ ರಕ್ತಪರೀಕ್ಷೆ ಆಗಲೇಬೇಕು, ಅದನ್ನು ನೀವೇ ಹೇಳಿ ಕರೆತಂದರೆ ಒಳ್ಳೆಯದು ಎಂದೂ ಹೇಳಿದೆವು. ಇಷ್ಟು ವರ್ಷದ ಮೇಲೆ ಈ ರೋಗ ದೈಹಿಕ ಸಂಬಂಧದಿಂದ ಹರಡುವುದಿಲ್ಲ. ಆದರೆ ಸೋಂಕು ಹೊಸದಾಗಿದ್ದ ದಿನಗಳಲ್ಲಿಯೇ ಅವರ ಮದುವೆಯಾಗಿತ್ತು.

ಮೂರು ದಿನ ಹಿರಿಯರ ಬಳಿಗೆ ಮಗ ಮಾತ್ರ ಬಂದುಹೋದನು. ನಾಲ್ಕನೆಯ ದಿನ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಆ ತಾಯಿ ಬಂದರು. ಗಂಡನ ಮುಂದೆ ಬುತ್ತಿ ಇಟ್ಟು, ಒಂದು ಮಾತನ್ನೂ ಆಡದೆ, ನಮ್ಮ ಕೋಣೆಗೆ ಬಂದು ತೋಳು ಚಾಚಿದರು. ಅವರ ರಕ್ತದಲ್ಲಿಯೂ ಹಳೆಯ ಸೋಂಕಿನ ಗುರುತಿತ್ತು. ಮೈಯಲ್ಲಿ ಯಾವ ತೊಂದರೆಯೂ ಇರಲಿಲ್ಲ.

ಮದುವೆಯಾದ ಮೊದಲ ಮೂರು ವರ್ಷಗಳಲ್ಲಿ ಅವರಿಗೆ ಎರಡು ಹೆರಿಗೆಗಳಾಗಿದ್ದವು. ಎರಡೂ ಸತ್ತು ಹುಟ್ಟಿದ ಕೂಸುಗಳು. ಸೊಸೆಯ ಕಾಲ್ಗುಣ, ಸೊಸೆಯ ಒಡಲಿನ ದೋಷ ಎಂದು ಮನೆಯವರೂ ಕೇರಿಯವರೂ ಆಡಿಕೊಂಡಿದ್ದರು. ಮುಂದೆ ಇಬ್ಬರು ಮಕ್ಕಳು ಉಳಿದು ಬೆಳೆದರು. ತಾಯಿಯ ಸೋಂಕು ಹಳೆಯದಾದಂತೆ ಶಿಶುವಿಗೆ ತಗಲುವ ಸಂಭವ ಕಡಿಮೆಯಾಗುತ್ತ ಬರುವುದು ಈ ರೋಗದ ಸ್ವಭಾವ. ನಾವು ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಹಾಂಗಾದ್ರ ಆ ಕೂಸುಗಳು ಹೋಗಿದ್ದು ನನ್ನ ದೋಷದಿಂದ ಅಲ್ಲೇನ್ರಿ?”

ಮೂವತ್ತು ವರ್ಷಗಳ ಹಿಂದಿನದನ್ನು ಇಂದು ಖಚಿತವಾಗಿ ಹೇಳಲಾಗದು, ಈ ರೋಗ ಕಾರಣವಾಗಿದ್ದಿರಬಹುದು. ಆದರೆ ನಿಮ್ಮ ದೋಷವಂತೂ ಅಲ್ಲ ತಾಯಿ ಎಂದೆವು. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೊದಲ ಚುಚ್ಚುಮದ್ದು ಎಂದು ಎಂದು ಕೇಳಿದರು. ಮೂರು ವಾರ ತಪ್ಪದೆ ಬಂದರು. ಇಬ್ಬರು ಮಕ್ಕಳ ರಕ್ತವನ್ನೂ ಪರೀಕ್ಷಿಸಿದೆವು, ಸೋಂಕು ಇರಲಿಲ್ಲ.

ಹಿರಿಯರ ಮಿಂಚುನೋವು ಇಳಿಯಿತು, ಹುಣ್ಣು ಪಾದದ ಆರೈಕೆಯಿಂದ ಮಾಯಿತು, ರೋಗ ಮುಂದುವರಿಯುವುದು ನಿಂತಿತು. ಆದರೆ ಸತ್ತ ನರಗಳು ಮರಳಿ ಬರಲಿಲ್ಲ. ಇಂದಿಗೂ ಅವರು ಕೋಲು ಹಿಡಿದೇ ನಡೆಯುತ್ತಾರೆ. ಕತ್ತಲಲ್ಲಿ ಹೆಂಡತಿಯ ಭುಜ ಹಿಡಿಯುತ್ತಾರೆ. ನಾವು ಎರಡು ವರ್ಷ ಮೊದಲೇ ಕೇಳಿದ್ದರೆ, ಅವರು ಹೇಳಿದ್ದರೆ, ಕೋಲು ಬೇಕಾಗುತ್ತಿರಲಿಲ್ಲವೇನೋ. ಆ ಹೊಣೆಯಲ್ಲಿ ನಮ್ಮ ಪಾಲನ್ನು ನಾವು ಒಪ್ಪಿಕೊಂಡಿದ್ದೇವೆ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಮಧುಮೇಹವುಳ್ಳವರಿಗೆ ಗುಪ್ತಾಂಗದಲ್ಲಿ ಹುಣ್ಣು, ಅಂಗೈ ಅಂಗಾಲುಗಳಲ್ಲಿ ಕಲೆ, ಸಕ್ಕರೆ ಹಿಡಿತದಲ್ಲಿದ್ದರೂ ಕೆಡುತ್ತಿರುವ ಕಾಲು ಅಥವಾ ಕಣ್ಣು, ಕಾರಣ ತಿಳಿಯದ ಕಿವುಡು ಅಥವಾ ಮರೆವು ಕಂಡರೆ, ‘ಎಲ್ಲ ಸಕ್ಕರೆಯಿಂದಲೇ’ ಎಂದು ಸುಮ್ಮನಾಗಬೇಡಿರಿ. ಸಿಫಿಲಿಸ್ ಪರೀಕ್ಷೆ ಆಗಿದೆಯೇ ಎಂದು ನೀವಾಗಿಯೇ ವೈದ್ಯರನ್ನು ಕೇಳಿರಿ. ಪರೀಕ್ಷೆ ಬೇಕೆಂದು ಕೇಳಿದ ಮಾತ್ರಕ್ಕೆ ಯಾರ ಮಾನವೂ ಹೋಗುವುದಿಲ್ಲ. ಬಸುರಿ ಹೆಣ್ಣುಮಕ್ಕಳಿಗೆ ಸಕ್ಕರೆಯ ಪರೀಕ್ಷೆಯಷ್ಟೇ ಈ ಪರೀಕ್ಷೆಯೂ ಮುಖ್ಯ; ಮೊದಲ ಭೇಟಿಯಲ್ಲಿಯೇ ಮಾಡಿಸಿರಿ. ಸಕಾಲಕ್ಕೆ ಕೊಟ್ಟ ಪೆನಿಸಿಲಿನ್ ಕೂಸನ್ನು ಉಳಿಸುತ್ತದೆ. ಒಬ್ಬರಲ್ಲಿ ರೋಗ ಕಂಡರೆ ದಂಪತಿಗಳಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿರಿ. ಹೊಸ ಸೋಂಕಾಗಿದ್ದರೆ ಚಿಕಿತ್ಸೆ ಮುಗಿದು ವೈದ್ಯರು ಹೇಳುವವರೆಗೆ ದೈಹಿಕ ಸಂಬಂಧ ಬೇಡ. ಊರಿನಲ್ಲಿ ಹೇಳಿಕೊಳ್ಳಲು ಸಂಕೋಚವಾದರೆ ಜಿಲ್ಲಾ ಆಸ್ಪತ್ರೆಗೆ ಹೋಗಿರಿ. ಚರ್ಮ ಮತ್ತು ಗುಹ್ಯರೋಗಗಳ ವಿಭಾಗದಲ್ಲಿ ಗುಟ್ಟು ಕಾಯ್ದು ಚಿಕಿತ್ಸೆ ಕೊಡುತ್ತಾರೆ. ಮತ್ತು ಮನೆಯ ಹಿರಿಯರಲ್ಲಿ ಇಂತಹ ಹಳೆಯ ಸಂಗತಿಯೊಂದು ಹೊರಬಿದ್ದರೆ, ತೀರ್ಪು ಹೇಳುವ ಅವಸರ ಬೇಡ; ಮೊದಲು ಚಿಕಿತ್ಸೆ ಆಗಲಿ.

ಮುಂದಿನ ಸಂಚಿಕೆಯಲ್ಲಿ ಮಧುಮೇಹವುಳ್ಳವರ ಪಾದದ ಹುಣ್ಣುಗಳನ್ನು ಮನೆಯಲ್ಲಿ ತೊಳೆದು ಕಟ್ಟುವ ಕ್ರಮವನ್ನು ಬರೆಯಲಿದ್ದೇವೆ.